ನಿಮ್ಮ ಓದು ಪರೀಕ್ಷೆ ಅಳೆಯುತ್ತಿರುವುದು ಓದನ್ನೇ? ಕನ್ನಡ ಮಕ್ಕಳ ಓದಿನ ಅಳತೆಯನ್ನು ಪರಿಶೀಲಿಸುವ ಬಗೆ

ಮೂರನೇ ತರಗತಿಯ ಮಗುವಿನ ಮುಂದೆ ಒಂದು ಹಾಳೆ ಇಟ್ಟು, ಸ್ಟಾಪ್‌ವಾಚ್ ಒತ್ತಿ, ನಿಮಿಷಕ್ಕೆ 38 ಪದ ಎಂದು ಬರೆದುಕೊಳ್ಳುತ್ತೇವೆ. ಆ 38 ಏನು ಹೇಳುತ್ತಿದೆ? ಮಗುವಿಗೆ ಓದಲು ಬರುತ್ತದೆ ಎಂದೇ, ಆ ಪಾಠ ಬಾಯಿಪಾಠವಾಗಿದೆ ಎಂದೇ, ಹಾಳೆಯಲ್ಲಿದ್ದ ಪದಗಳು ಚಿಕ್ಕವಾಗಿದ್ದವು ಎಂದೇ, ಗುರುತಿಲ್ಲದವರ ಮುಂದೆ ಬಾಯಿ ಬಿಡಲು ಈ ಮಗುವಿಗೆ ಅಂಜಿಕೆಯಿಲ್ಲ ಎಂದೇ? ವರದಿಯ ಪಟ್ಟಿಯಲ್ಲಿ ‘ಓದುವ ಸಾಮರ್ಥ್ಯ’ ಎಂಬ ಅಂಕಣದ ಕೆಳಗೆ 38 ಕೂತ ಮೇಲೆ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಅವನ್ನು ಕೇಳಬೇಕಾದ್ದು ಪರೀಕ್ಷೆ ಊರಿಗೆ ಹೋಗುವ ಮೊದಲು.

ಅಂಕ ನಾವು ಅಂದುಕೊಂಡದ್ದನ್ನೇ ಹೇಳುತ್ತಿದೆಯೇ ಎಂಬುದಕ್ಕೆ ಬಿ.ಎಡ್., ಎಂ.ಎಡ್. ಪುಸ್ತಕಗಳಲ್ಲಿ ಸಿಂಧುತ್ವ ಅಥವಾ ಸಪ್ರಮಾಣತೆ ಎನ್ನುತ್ತಾರೆ. ಮಾತಿನಲ್ಲಿ ಎಲ್ಲರೂ ವ್ಯಾಲಿಡಿಟಿ ಎಂದೇ ಅನ್ನುವುದು. ‘ಈ ಪರೀಕ್ಷೆ ಸಿಂಧುವಾಗಿದೆ’ ಎಂದು ಒಂದು ಸಾಲು ಬರೆದು ಮುಂದೆ ಹೋಗುವುದು ರೂಢಿಯಾಗಿಬಿಟ್ಟಿದೆ. ಆ ಸಾಲೇ ತಪ್ಪು. 1955ರಲ್ಲಿ ಕ್ರಾನ್‌ಬಾಕ್ ಮತ್ತು ಮೀಲ್ ಬರೆದ ಲೇಖನದಿಂದ 1989ರ ಮೆಸಿಕ್‌ವರೆಗೆ ಮಾಪನಶಾಸ್ತ್ರ ಗಟ್ಟಿಮಾಡಿಕೊಂಡು ಬಂದದ್ದು ಒಂದೇ ವಿಚಾರ: ಸಿಂಧುತ್ವವನ್ನು ಪರೀಕ್ಷಿಸಬೇಕಾದ್ದು ಅಂಕದಿಂದ ನಾವು ಎತ್ತುವ ಮಾತಿಗೆ, ಹಾಳೆಗಲ್ಲ. ಅದೇ ಹಾಳೆ ‘ಈ ತರಗತಿಯಲ್ಲಿ ಯಾರಿಗೆ ಒತ್ತಕ್ಷರ ತೊಡಕಾಗುತ್ತಿದೆ’ ಎಂದು ಹೇಳಲು ಸಾಕಾಗಬಹುದು, ‘ಈ ತಾಲ್ಲೂಕು ಆ ತಾಲ್ಲೂಕಿಗಿಂತ ಹಿಂದಿದೆ’ ಎಂದು ಹೇಳಲು ಸಾಲದೇ ಹೋಗಬಹುದು. ಹಾಗಾಗಿ ಕೆಳಗಿನ ಕೆಲಸದಲ್ಲೆಲ್ಲ ಒಂದೇ ಪ್ರಶ್ನೆ ಕೈಯಲ್ಲಿರಲಿ: ಈ ಅಂಕ ಬರಲು ಓದಲ್ಲದೆ ಬೇರೇನು ಕಾರಣವಾಗಿರಬಹುದು, ಅದನ್ನು ಪರೀಕ್ಷಿಸಿ ನೋಡಿದ್ದೇವೆಯೇ?

ಹೇಳಹೊರಟ ಮಾತನ್ನು ಮೊದಲು ಬರೆದಿಡಿ

ಅಂಕ ಬಂದ ಮೇಲೆ ವರದಿಯಲ್ಲಿ ಏನು ಹೇಳಬೇಕೆಂದಿದ್ದೀರೋ ಆ ವಾಕ್ಯವನ್ನು ಇಂದೇ ಪೂರ್ತಿಯಾಗಿ ಬರೆಯಿರಿ. ‘ಓದುವ ಸಾಮರ್ಥ್ಯ ಅಳೆಯುತ್ತೇವೆ’ ಎಂದರೆ ಸಾಲದು. ‘ಕನ್ನಡ ಮಾಧ್ಯಮದಲ್ಲಿ 3ನೇ ತರಗತಿ ಮುಗಿಸುತ್ತಿರುವ ಮಗು, ತಾನು ಹಿಂದೆ ನೋಡಿರದ ಸುಮಾರು 150 ಅಕ್ಷರಗಳ ಗದ್ಯವನ್ನು ಯಾರ ನೆರವಿಲ್ಲದೆ ಓದಿ, ಅದರಲ್ಲಿ ಏನಾಯಿತೆಂದು ಹೇಳಬಲ್ಲದು.’ ಇದು ಪರಿಶೀಲಿಸಬಹುದಾದ ಮಾತು. ‘ಹಿಂದೆ ನೋಡಿರದ’ ಎಂದ ಕೂಡಲೇ ಬಾಯಿಪಾಠದ ಸಂಶಯ ಏಳುತ್ತದೆ. ‘ಏನಾಯಿತೆಂದು ಹೇಳಬಲ್ಲದು’ ಎಂದ ಕೂಡಲೇ ಬರೀ ಉಚ್ಚಾರಣೆ ಎಣಿಸಿದರೆ ಆಗದು ಎಂಬುದು ತಿಳಿಯುತ್ತದೆ.

ಮಾತಿಗೂ ಅಳತೆಗೂ ಹೊಂದಾಣಿಕೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಪ್ರಥಮ್ ಸಂಸ್ಥೆ 2005ರಲ್ಲಿ ಆರಂಭಿಸಿದ, ಮಕ್ಕಳ ಕಲಿಕೆಯ ಮಟ್ಟ ನೋಡುವ ಅಸರ್ ಸಮೀಕ್ಷೆಯ ಓದಿನ ಹಾಳೆಯಲ್ಲಿ ನಾಲ್ಕು ಮೆಟ್ಟಿಲಿವೆ: ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ. ಮೇಲಿನ ಮೆಟ್ಟಿಲೇ 2ನೇ ತರಗತಿಯದು. ಎಂಟನೇ ತರಗತಿಯ ಹುಡುಗಿ ಆ ಕಥೆ ಓದಿದರೆ ಆಕೆಗೆ ಬುನಾದಿ ಓದು ಬರುತ್ತದೆ ಎನ್ನಬಹುದು, ಆಕೆ ಎಂಟನೇ ತರಗತಿಯ ಮಟ್ಟದಲ್ಲಿದ್ದಾಳೆ ಎನ್ನಲಾಗದು. ಆ ಹಾಳೆಯನ್ನು ಮಾಡಿದ್ದು ಬುನಾದಿ ಓದು ನೋಡುವುದಕ್ಕೆ. ಅದರ ಅಂಕಿಯನ್ನು ಎತ್ತಿಕೊಂಡು ಬೇರೆ ಮಾತಿಗೆ ಅಂಟಿಸಿದರೆ ತಪ್ಪು ಅಂಟಿಸಿದವರದು.

ಇನ್ನೊಂದು ಮುಖ್ಯ ವಿಷಯ. 1986ರಲ್ಲಿ ಗಫ್ ಮತ್ತು ಟನ್‌ಮರ್ ಓದನ್ನು ಒಂದು ಗುಣಾಕಾರವಾಗಿ ಬರೆದರು: ಓದಿ ಅರ್ಥಮಾಡಿಕೊಳ್ಳುವುದು ಎಂದರೆ ಅಕ್ಷರ ಬಿಡಿಸುವುದು × ಮಾತು ಅರ್ಥವಾಗುವುದು. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ. ಮನೆಯಲ್ಲಿ ಕನ್ನಡವನ್ನೇ ಆಡುವ, ಅಕ್ಷರ ಕೂಡಿಸಲಾರದ ಮಗು ಅರ್ಥದ ಪ್ರಶ್ನೆಗಳಲ್ಲಿ ಸೊನ್ನೆ ತೆಗೆಯುತ್ತದೆ. ಮನೆಯಲ್ಲಿ ಉರ್ದು ಅಥವಾ ಲಂಬಾಣಿ ಆಡುವ, ಅಕ್ಷರವನ್ನು ಸರಾಗವಾಗಿ ಬಿಡಿಸುವ ಮಗುವೂ ಸೊನ್ನೆ ತೆಗೆಯಬಹುದು. ಅಂಕ ಒಂದೇ, ಕಾರಣ ಬೇರೆ, ಮಾಡಬೇಕಾದ ಕೆಲಸವೂ ಬೇರೆ. ಇದನ್ನು ಬಿಡಿಸಲು ಹತ್ತು ನಿಮಿಷ ಸಾಕು: ಅಷ್ಟೇ ಉದ್ದದ, ಅಷ್ಟೇ ಕಷ್ಟದ ಇನ್ನೊಂದು ಗದ್ಯವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ, ಅದೇ ಬಗೆಯ ಐದು ಪ್ರಶ್ನೆ ಕೇಳಿ. ಕೇಳಿಸಿಕೊಂಡೂ ಉತ್ತರಿಸದ ಮಗುವಿನ ಓದಿನ ಸೊನ್ನೆಯನ್ನು ಓದಿನ ಲೆಕ್ಕಕ್ಕಷ್ಟೇ ಹಾಕಬೇಡಿ. ಸಮಯವಿಲ್ಲವೆಂದು ಏನನ್ನಾದರೂ ಕೈಬಿಡಬೇಕಾದರೂ ಇದೊಂದನ್ನು ಬಿಡಬೇಡಿ.

ಪದ ಎಣಿಸುವುದೋ, ಅಕ್ಷರ ಎಣಿಸುವುದೋ

ನಿಮಿಷಕ್ಕೆ ಎಷ್ಟು ಪದ ಎಂಬ ಅಳತೆ ಇಂಗ್ಲಿಷಿನ ಓದಿನಿಂದ ಬಂದದ್ದು. 2006ರ ನಂತರ ಇಗ್ರಾ ಎಂಬ, ಆರಂಭಿಕ ತರಗತಿಗಳ ಓದು ಪರೀಕ್ಷಾ ಮಾದರಿಯೊಡನೆ ಅನೇಕ ದೇಶಗಳಿಗೆ ಹರಡಿತು. 2021ರಲ್ಲಿ ಶುರುವಾದ, ಬುನಾದಿ ಕಲಿಕೆಗಾಗಿನ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಕೂಡ 3ನೇ ತರಗತಿಗೆ ನಿಮಿಷಕ್ಕೆ 60 ಪದ ಎಂಬ ಗುರಿ ಇಟ್ಟಿತು. ಕನ್ನಡಕ್ಕೆ ಬಂದಾಗ ಪದ ಎಂಬುದು ಎಷ್ಟು ಜಾರುವ ಮೂಲಮಾನ ಎಂಬುದನ್ನು ಹತ್ತಿರದಿಂದ ನೋಡಿ.

‘ಅವನು ಮನೆಗೆ ಹೋದ’ – ಮೂರು ಪದ, ಎಂಟು ಅಕ್ಷರ.
‘ಮನೆಯಲ್ಲಿದ್ದವರೆಲ್ಲರೂ’ – ಒಂದು ಪದ, ಒಂಬತ್ತು ಅಕ್ಷರ, ಅದರಲ್ಲಿ ಮೂರು ಒತ್ತಕ್ಷರ.

ಮೊದಲ ಬಗೆಯ ವಾಕ್ಯಗಳಿರುವ ಹಾಳೆಯಲ್ಲಿ ಮಗು ನಿಮಿಷಕ್ಕೆ 45 ಪದ ಓದಿದರೆ, ಎರಡನೇ ಬಗೆಯ ಹಾಳೆಯಲ್ಲಿ ಅದೇ ಮಗುವಿನ ಅಂಕ ಅರ್ಧಕ್ಕೂ ಕೆಳಗೆ ಇಳಿಯಬಹುದು. ಓದು ಬದಲಾಗಿಲ್ಲ, ವಿಭಕ್ತಿ ಪ್ರತ್ಯಯ ಮತ್ತು ಸಂಧಿ ಸೇರಿ ಪದ ಉದ್ದವಾಗಿದೆ. ಜೂನ್‌ನಲ್ಲಿ ಒಂದು ಹಾಳೆ, ಮಾರ್ಚ್‌ನಲ್ಲಿ ಇನ್ನೊಂದು ಹಾಳೆ ಕೊಟ್ಟು ‘ಪ್ರಗತಿ’ ಲೆಕ್ಕ ಹಾಕುವವರು ಇದನ್ನು ಮೊದಲು ನೋಡಬೇಕು. ಎನ್‌ಸಿಇಆರ್‌ಟಿ 2022ರ ಬುನಾದಿ ಕಲಿಕೆಯ ಅಧ್ಯಯನದಲ್ಲಿ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡ ಗೊತ್ತುಮಾಡಲು ಹೊರಟದ್ದಕ್ಕೂ ಭಾಷೆಗಳ ನಡುವಿನ ಇಂಥ ವ್ಯತ್ಯಾಸವೇ ಆಧಾರ. ಬೇರೆ ಭಾಷೆಯ ಗಡಿ ಅಂಕವನ್ನು ಕನ್ನಡಕ್ಕೆ ತಂದು ಕೂರಿಸಬೇಡಿ.

ನಮ್ಮ ಸಲಹೆ: ಸರಿಯಾಗಿ ಓದಿದ ಅಕ್ಷರಗಳನ್ನು ಎಣಿಸಿ, ಪದಗಳನ್ನು ಬೇಕಾದರೆ ಪಕ್ಕದಲ್ಲಿ ಬರೆದುಕೊಳ್ಳಿ. ಕಾ, ಕ್ಕಿ, ಸ್ತ್ರೀ – ಪ್ರತಿಯೊಂದೂ ಒಂದೊಂದು ಅಕ್ಷರ. ‘ಬಂದ’ ಎರಡು ಅಕ್ಷರ. ಅನುಸ್ವಾರವನ್ನು ಬೇರೆ ಎಣಿಸುವುದಿಲ್ಲ. ಈ ನಿಯಮವನ್ನು ಕಾಗದದ ಮೇಲೆ ಬರೆದಿಡಿ, ಇಲ್ಲದಿದ್ದರೆ ಒಬ್ಬೊಬ್ಬ ಪರೀಕ್ಷಕರು ಒಂದೊಂದು ರೀತಿ ಎಣಿಸುತ್ತಾರೆ. ಎಣಿಕೆಯನ್ನು ಕಂಪ್ಯೂಟರಿಗೆ ಬಿಡುವವರಿಗೆ ಒಂದು ಎಚ್ಚರಿಕೆ: ಎಕ್ಸೆಲ್‌ನ ಉದ್ದ ಎಣಿಸುವ ಸೂತ್ರ ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ‘ಸ್ತ್ರೀ’ ಎಂಬುದಕ್ಕೆ ಅದು 6 ಎನ್ನುತ್ತದೆ, ಏಕೆಂದರೆ ಸ, ವಿರಾಮ, ತ, ವಿರಾಮ, ರ, ಈಕಾರ ಎಂದು ಒಳಗೆ ಆರು ತುಂಡುಗಳಿವೆ. ಒಂದು ಹಾಳೆಯನ್ನು ಕೈಯಲ್ಲೇ ಎಣಿಸುವುದು ಹತ್ತು ನಿಮಿಷದ ಕೆಲಸ. ಪರೀಕ್ಷಕರ ಪ್ರತಿಯಲ್ಲಿ ಪ್ರತಿ ಸಾಲಿನ ಕೊನೆಗೆ ಅಲ್ಲಿಯವರೆಗಿನ ಒಟ್ಟು ಅಕ್ಷರಸಂಖ್ಯೆ ಅಚ್ಚಾಗಿರಲಿ. ಗಂಟೆ ಬಾರಿಸಿದಾಗ ಮಗು ನಿಂತ ಜಾಗದಲ್ಲಿ ಒಂದು ಗೀಟು ಎಳೆದರೆ ಉಳಿದದ್ದು ಕೂಡು-ಕಳೆ ಅಷ್ಟೇ.

ಪ್ರಶ್ನೆಗಳಲ್ಲಿ ಓದಿನ ಎಲ್ಲ ಭಾಗವೂ ಇದೆಯೇ

ಯಾವುದಕ್ಕೆ ಎಷ್ಟು ಪ್ರಶ್ನೆ ಎಂದು ಮೊದಲೇ ಹಾಕಿಕೊಳ್ಳುವ ನೀಲನಕ್ಷೆ ಶಿಕ್ಷಕರಿಗೆ ಹೊಸದಲ್ಲ. ಓದು ಪರೀಕ್ಷೆಗೂ ಅದನ್ನೇ ಮಾಡಿ, ಆದರೆ ಪಾಠಗಳ ಬದಲು ಅಕ್ಷರದ ಬಗೆಗಳನ್ನು ಸಾಲಿನಲ್ಲಿಡಿ: ಮೂಲಾಕ್ಷರ, ಕಾಗುಣಿತದ ಅಕ್ಷರ, ಸಜಾತೀಯ ಒತ್ತಕ್ಷರ, ವಿಜಾತೀಯ ಒತ್ತಕ್ಷರ, ಅರ್ಕಾವತ್ತು, ಅನುಸ್ವಾರ. ವರ್ಣಮಾಲೆ 49 ಅಕ್ಷರ ಅಷ್ಟೇ, ಆದರೆ 34 ವ್ಯಂಜನಕ್ಕೆ 13 ಸ್ವರ ಸೇರಿದರೆ ಕಾಗುಣಿತವೊಂದೇ 442. ಒತ್ತಕ್ಷರ ಅದರ ಮೇಲೆ. ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ: ಕನ್ನಡದ ಅಕ್ಷರಜ್ಞಾನ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ಪ್ರಾಥಮಿಕ ತರಗತಿಗಳುದ್ದಕ್ಕೂ ಬೆಳೆಯುತ್ತಲೇ ಹೋಗುತ್ತದೆ. ‘ಅ’ದಿಂದ ‘ಳ’ವರೆಗಿನ ಒಂಟಿ ಅಕ್ಷರಗಳನ್ನಷ್ಟೇ ಕೇಳಿ ‘ಅಕ್ಷರಜ್ಞಾನ ಶೇ. 90’ ಎಂದು ಬರೆದರೆ ಆ ಜ್ಞಾನದ ದೊಡ್ಡ ಪಾಲು ಹಾಳೆಯ ಹೊರಗೇ ಉಳಿದಿರುತ್ತದೆ.

ಅರ್ಕಾವತ್ತಿಗೆ ಪ್ರತ್ಯೇಕ ಗಮನ ಕೊಡಿ. ‘ಕಾರ್ಯ’ ಎಂಬಲ್ಲಿ ರಕಾರದ ಗುರುತು ಕಣ್ಣಿಗೆ ಯಕಾರದ ನಂತರ ಬೀಳುತ್ತದೆ, ಬಾಯಲ್ಲಿ ಅದರ ಮೊದಲು ಬರಬೇಕು. ಉಳಿದೆಲ್ಲ ಸರಿಯಾಗಿ ಓದುವ ಮಕ್ಕಳೂ ಇಲ್ಲಿ ‘ಕಾಯ’ ಎಂದು ಮುಂದೆ ಹೋಗುತ್ತಾರೆ. 150 ಅಕ್ಷರದ ಹಾಳೆಯಲ್ಲಿ ಅರ್ಕಾವತ್ತು ಒಂದೂ ಇಲ್ಲದಿದ್ದರೆ ಆ ತೊಡಕು ಎಂದೂ ಕಾಣುವುದಿಲ್ಲ. ಎಂಟು ಇದ್ದರೆ ಪರೀಕ್ಷೆ ಅದರದ್ದೇ ಆಗಿಹೋಗುತ್ತದೆ. ಮಕ್ಕಳ ಪಠ್ಯಪುಸ್ತಕದ ಹತ್ತು ಪುಟಗಳಲ್ಲಿ ಯಾವ ಬಗೆ ಎಷ್ಟಿದೆ ಎಂದು ಎಣಿಸಿ ಅದೇ ಪ್ರಮಾಣ ಇಟ್ಟುಕೊಳ್ಳಿ.

ನಂತರ ಎಂಟು ಜನರಿಗೆ ತೋರಿಸಿ: ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿ ನಡೆಸುವ ಶಿಕ್ಷಕರು, ಭಾಷಾ ಬೋಧಕರು, ಬೇರೆ ಬೇರೆ ಜಿಲ್ಲೆಯವರು. ಪ್ರತಿ ಪ್ರಶ್ನೆಗೂ ‘ನಾವು ಬರೆದ ಆ ಮಾತಿಗೆ ಇದು ಎಷ್ಟು ಪ್ರಸ್ತುತ’ ಎಂದು 1ರಿಂದ 4ರವರೆಗೆ ಅಂಕ ಕೇಳಿ. 3 ಅಥವಾ 4 ಕೊಟ್ಟವರ ಸಂಖ್ಯೆಯನ್ನು ಒಟ್ಟು ಜನರಿಂದ ಭಾಗಿಸಿ. ಆರು ಅಥವಾ ಹೆಚ್ಚು ಜನರಿದ್ದರೆ 0.78 ಅಥವಾ ಹೆಚ್ಚು ಬರಬೇಕು, ಐದೇ ಜನರಿದ್ದರೆ ಐವರೂ ಒಪ್ಪಬೇಕು. ಎಂಟರಲ್ಲಿ ಏಳು ಎಂದರೆ 0.875, ಉಳಿಸಿಕೊಳ್ಳಿ. ಎಂಟರಲ್ಲಿ ಆರು ಎಂದರೆ 0.75, ತಿದ್ದಿ. ಪರಿಣತರು ಒಬ್ಬರ ಅಂಕ ಒಬ್ಬರು ನೋಡದಂತೆ ಬೇರೆ ಬೇರೆಯಾಗಿ ಕೊಡಲಿ. ಸಭೆ ಸೇರಿಸಿ ಕೇಳಿದರೆ ಹಿರಿಯರು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸುತ್ತಾರೆ. ಈ ಸಂಖ್ಯೆ ಎಷ್ಟೇ ಚೆನ್ನಾಗಿ ಬಂದರೂ ಅದು ದೊಡ್ಡವರ ಅಭಿಪ್ರಾಯ ಮಾತ್ರ. ಮಗು ಇನ್ನೂ ಹಾಳೆ ಮುಟ್ಟಿಲ್ಲ.

ಮಗುವಿನ ಪಕ್ಕ ಕೂತು ನೋಡಿ

ಇಡೀ ಕೆಲಸದಲ್ಲಿ ಹೆಚ್ಚು ಕಲಿಸುವ ಹಂತ ಇದು, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. 10–12 ಮಕ್ಕಳು ಸಾಕು: ಚೆನ್ನಾಗಿ ಓದುವವರು, ತಡವರಿಸುವವರು, ಮನೆಯಲ್ಲಿ ಕನ್ನಡ ಆಡದವರು ಎಲ್ಲರೂ ಇರಲಿ. ಒಂದು ಮಗುವಿಗೆ 30–40 ನಿಮಿಷ ಮೀಸಲಿಡಿ. ‘ಯೋಚಿಸುತ್ತಿರುವುದನ್ನು ಹೇಳುತ್ತಾ ಓದು’ ಎಂದರೆ ಎಂಟು ವರ್ಷದ ಮಗುವಿಗೆ ಆಗದು. ಓದಿ ಮುಗಿಸಿದ ಮೇಲೆ ‘ಇದನ್ನು ಹೇಗೆ ಗೊತ್ತುಮಾಡಿಕೊಂಡೆ, ಎಲ್ಲಿದೆ ತೋರಿಸು’ ಎಂದು ಕೇಳಿ. ನೋಡಬೇಕಾದ ನಾಲ್ಕು ಸಂಗತಿಗಳಿವೆ.

ಬಾಯಿಪಾಠ. ಬೆರಳು ಒಂದು ಸಾಲಿನಲ್ಲಿ, ಬಾಯಿ ಮುಂದಿನ ಸಾಲಿನಲ್ಲಿ ಇದ್ದರೆ ಮಗು ಓದುತ್ತಿಲ್ಲ. ಹಾಳೆ ಮುಚ್ಚಿ ‘ಮುಂದೆ ಹೇಳು’ ಎನ್ನಿ. ನಿಲ್ಲದೆ ಹೇಳಿದರೆ ಆ ಗದ್ಯ ಕೆಲಸಕ್ಕೆ ಬಾರದು. ಗದ್ಯದ ಪದಗಳನ್ನೇ ಹಿಂದುಮುಂದು ಮಾಡಿದ ಇನ್ನೊಂದು ಹಾಳೆ ಸಿದ್ಧವಿರಲಿ. ಪದಗಳು ಸಂದರ್ಭ ಬಿಟ್ಟು ಬಂದಾಗ ಎಲ್ಲರ ವೇಗವೂ ಸ್ವಲ್ಪ ತಗ್ಗುತ್ತದೆ, ಬಾಯಿಪಾಠ ಮಾಡಿದ ಮಗು ಮಾತ್ರ ಒಮ್ಮೆಲೇ ನಿಂತುಬಿಡುತ್ತದೆ.

ಉಚ್ಚಾರಣೆ. ಮಂಡ್ಯ, ಮೈಸೂರು ಕಡೆಯ ಮಗು ‘ಹಕ್ಕಿ’ ಎಂದಿರುವುದನ್ನು ‘ಅಕ್ಕಿ’ ಎಂದು ಓದಿದರೆ ತಪ್ಪು ಹಾಕುವುದೇ? ಧಾರವಾಡ ಕಡೆಯ ಮಗು ‘ಶಾಲೆ’ಯನ್ನು ‘ಸಾಲಿ’ ಎಂದರೆ? ‘ಭಾರತ’ ‘ಬಾರತ’ವಾದರೆ? ಕೂತಲ್ಲೇ ತೀರ್ಮಾನಿಸಬೇಡಿ, ಪರೀಕ್ಷಿಸಿ. ಹಕ್ಕಿಯ ಚಿತ್ರ, ಅಕ್ಕಿಯ ಚಿತ್ರ ಎರಡನ್ನೂ ಮುಂದಿಟ್ಟು ‘ಹಕ್ಕಿ’ ಎಂದು ಬರೆದ ಚೀಟಿ ಕೊಡಿ. ಬಾಯಲ್ಲಿ ‘ಅಕ್ಕಿ’ ಎಂದು ಬೆರಳನ್ನು ಹಕ್ಕಿಯ ಮೇಲಿಟ್ಟರೆ ಅದು ಆಡುಮಾತು, ಓದು ಸರಿಯಿದೆ. ಬೆರಳು ಅಕ್ಕಿಯ ಮೇಲೆ ಹೋದರೆ ಅಕ್ಷರವೇ ತಿಳಿದಿಲ್ಲ. ಇಂಥ ಐದಾರು ಜೋಡಿ ಮಾಡಿ, ನಿಮ್ಮ ಜಿಲ್ಲೆಯಲ್ಲಿ ಯಾವ ಬದಲಾವಣೆಗಳನ್ನು ಆಡುಮಾತೆಂದು ಒಪ್ಪಬೇಕೆಂದು ಪಟ್ಟಿ ಮಾಡಿ, ಆ ಪಟ್ಟಿಯನ್ನು ಪರೀಕ್ಷಕರ ಕೈಪಿಡಿಯಲ್ಲಿ ಸೇರಿಸಿ. ಇದನ್ನು ಮಾಡದ ಪರೀಕ್ಷೆ ಓದಿನ ಹೆಸರಿನಲ್ಲಿ ಮಗುವಿನ ಊರನ್ನು ಅಳೆಯುತ್ತದೆ.

ಪದದ ಊರು. ಚಿತ್ರ ನೋಡಿ ಹೆಸರು ಹೇಳುವ ಪ್ರಶ್ನೆಗಳಲ್ಲಿ ‘ಮೊಟ್ಟೆ’ ಎಂದು ಉತ್ತರಪಟ್ಟಿಯಲ್ಲಿದ್ದು ಉತ್ತರ ಕರ್ನಾಟಕದ ಮಗು ‘ತತ್ತಿ’ ಎಂದರೆ ಅದೂ ಸರಿ ಉತ್ತರವೇ. ಗದ್ಯದಲ್ಲಿ ಬರುವ ಪ್ರತಿ ನಾಮಪದವನ್ನೂ ಎರಡು-ಮೂರು ಸೀಮೆಯ ಶಿಕ್ಷಕರಿಂದ ಓದಿಸಿ.

ಓದದೆ ಉತ್ತರ. ಇಲ್ಲಿ ಕನ್ನಡದ ವ್ಯಾಕರಣವೇ ಗುಟ್ಟು ಬಿಟ್ಟುಕೊಡುತ್ತದೆ. ಈ ವಾಕ್ಯ ನೋಡಿ: ‘ಗೊಬಿ ತಡಕಿಗೆ ಹೋದ.’ ಗೊಬಿ ಎಲ್ಲಿಗೆ ಹೋದ? ಉತ್ತರ: ತಡಕಿಗೆ. ಗೊಬಿ ಯಾರೋ, ತಡಕಿ ಏನೋ ಯಾರಿಗೂ ಗೊತ್ತಿಲ್ಲ, ಎರಡೂ ಅರ್ಥವಿಲ್ಲದ ಪದ. ‘ಎಲ್ಲಿಗೆ’ ಎಂದು ಕೇಳಿದ್ದಕ್ಕೆ ‘ಗೆ’ ಪ್ರತ್ಯಯದ ಪದವನ್ನು ಎತ್ತಿಕೊಟ್ಟರೆ ಸಾಕಾಯಿತು. ‘ರಾಮು ಸಂತೆಗೆ ಹೋದ, ರಾಮು ಎಲ್ಲಿಗೆ ಹೋದ’ ಎಂಬಂಥ ಪ್ರಶ್ನೆ ಅರ್ಥಗ್ರಹಣವನ್ನು ಅಳೆಯುವುದಿಲ್ಲ. ಐದು ಪ್ರಶ್ನೆಗಳಲ್ಲಿ ಕನಿಷ್ಠ ಎರಡಾದರೂ ಎರಡು ವಾಕ್ಯಗಳನ್ನು ಕೂಡಿಸಿದರೆ ಮಾತ್ರ ಉತ್ತರ ಸಿಗುವಂತಿರಲಿ: ‘ರಾಮು ಬರಿಗೈಯಲ್ಲಿ ಏಕೆ ವಾಪಸು ಬಂದ?’ ಇನ್ನೊಂದು ದಾರಿ ಸಾಮಾನ್ಯ ಜ್ಞಾನ. ‘ಹಸು ನಮಗೆ ಏನು ಕೊಡುತ್ತದೆ’ ಎಂಬುದಕ್ಕೆ ಗದ್ಯವೇ ಬೇಡ. ಗದ್ಯ ತೋರಿಸದೆ ಪ್ರಶ್ನೆಗಳನ್ನಷ್ಟೇ 20 ಮಕ್ಕಳಿಗೆ ಕೇಳಿ. ನಾಲ್ಕೈದಕ್ಕಿಂತ ಹೆಚ್ಚು ಮಕ್ಕಳು ಸರಿ ಉತ್ತರ ಕೊಟ್ಟ ಪ್ರಶ್ನೆಯನ್ನು ಕಿತ್ತುಹಾಕಿ.

ಅಳೆಯುವ ಕೈ ಬದಲಾದರೆ ಅಂಕ ಬದಲಾಗುತ್ತದೆಯೇ

ವಿಶ್ವಸನೀಯತೆ, ಅಂದರೆ ಮತ್ತೆ ಅಳೆದರೂ ಅದೇ ಅಂಕ ಬರುವುದು, ಬೇರೆ ವಿಷಯ, ಆದರೆ ಅದಿಲ್ಲದೆ ಸಿಂಧುತ್ವ ಮೇಲೇಳಲಾರದು. ಎರಡು ಅಳತೆಗಳ ನಡುವಿನ ಸಹಸಂಬಂಧ (ಅವು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಸಂಖ್ಯೆ) ಅವುಗಳ ವಿಶ್ವಸನೀಯತೆಗಳ ಗುಣಲಬ್ಧದ ವರ್ಗಮೂಲವನ್ನು ಮೀರಲಾರದು. ಒಂದು ಪರೀಕ್ಷೆಯದು 0.49, ಇನ್ನೊಂದರದು 0.81 ಆದರೆ ನೀವು ಕಾಣಬಹುದಾದ ಗರಿಷ್ಠ 0.63.

ಎರಡನೇ ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿ, 50 ಮಕ್ಕಳಿಗೆ ಇಬ್ಬರೂ ಒಟ್ಟಿಗೆ, ಒಬ್ಬರ ಹಾಳೆ ಒಬ್ಬರು ನೋಡದಂತೆ ಅಂಕ ಹಾಕಲಿ. ಶೇಕಡಾವಾರು ಹೊಂದಾಣಿಕೆ ಮಾತ್ರ ಬರೆದರೆ ಮೋಸಹೋಗುತ್ತೀರಿ. 50ರಲ್ಲಿ ‘ಓದಬಲ್ಲರು’ ಎಂದು ಇಬ್ಬರೂ ಒಪ್ಪಿದ್ದು 42, ‘ಓದಲಾರರು’ ಎಂದು ಒಪ್ಪಿದ್ದು 2, ಉಳಿದ 6ರಲ್ಲಿ ಮೂರು ಹೀಗೆ ಮೂರು ಹಾಗೆ. ಹೊಂದಾಣಿಕೆ ಶೇ. 88. ಆದರೆ ಇಬ್ಬರೂ ಶೇ. 90ರಷ್ಟು ಮಕ್ಕಳನ್ನು ಪಾಸು ಮಾಡುವವರಾದ್ದರಿಂದ ಕಣ್ಣುಮುಚ್ಚಿ ಹಾಕಿದ್ದರೂ ಶೇ. 82 ಹೊಂದುತ್ತಿತ್ತು. ಕೊಹೆನ್ ಕಪ್ಪಾ (ಆಕಸ್ಮಿಕ ಹೊಂದಾಣಿಕೆ ಕಳೆದ ಮೇಲೆ ಉಳಿಯುವ ಒಮ್ಮತ) ಲೆಕ್ಕ ಹಾಕಿ: 0.88ರಿಂದ 0.82 ಕಳೆದು, 1ರಿಂದ 0.82 ಕಳೆದದ್ದರಿಂದ ಭಾಗಿಸಿದರೆ 0.33. ಓದಲಾರದ ಮಗುವನ್ನು ಗುರುತಿಸುವುದರಲ್ಲಿ ಇಬ್ಬರಿಗೂ ಒಮ್ಮತವೇ ಇಲ್ಲ, ನಿಮಗೆ ಬೇಕಿದ್ದದ್ದು ಅದೇ.

ಗಡಿಯಾರ ಹಿಡಿದು ನಡೆಸುವ ಪರೀಕ್ಷೆಗೆ ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರಿಂದ ವಿಶ್ವಸನೀಯತೆ ಅಂದಾಜಿಸುವ ಸಂಖ್ಯೆ) ಹಾಕಬೇಡಿ. ಸಮಯ ಮುಗಿದು ಮಗು ತಲುಪದ ಅಕ್ಷರಗಳೆಲ್ಲ ಒಟ್ಟಿಗೆ ಸೊನ್ನೆಯಾಗುವುದರಿಂದ ಆಲ್ಫಾ ತಾನಾಗಿ ಉಬ್ಬುತ್ತದೆ. ಅದರ ಬದಲು ಒಂದು ವಾರ ಬಿಟ್ಟು ಸಮಾನ ಕಷ್ಟದ ಇನ್ನೊಂದು ಹಾಳೆ ಓದಿಸಿ, ಎರಡರ ಅಂಕ ಎಷ್ಟು ಹೊಂದುತ್ತದೆ ನೋಡಿ. ಅರ್ಧದಷ್ಟು ಮಕ್ಕಳಿಗೆ ಮೊದಲು ‘ಅ’ ಹಾಳೆ, ಉಳಿದವರಿಗೆ ಮೊದಲು ‘ಆ’ ಹಾಳೆ.

ಬೇರೆ ಅಳತೆಗಳ ಪಕ್ಕದಲ್ಲಿ ನಿಲ್ಲಿಸಿ

ನಿಮ್ಮ ಅಂಕ ಓದಿನದೇ ಆದರೆ ಅದು ಇನ್ನೊಂದು ಬಗೆಯ ಓದು ಪರೀಕ್ಷೆಯ ಜೊತೆ ಚೆನ್ನಾಗಿ ಹೊಂದಬೇಕು, ಓದಲ್ಲದ್ದರ ಜೊತೆ ಕಡಿಮೆ ಹೊಂದಬೇಕು. ಕ್ಯಾಂಪ್‌ಬೆಲ್ ಮತ್ತು ಫಿಸ್ಕ್ 1959ರಲ್ಲಿ ಇದಕ್ಕೊಂದು ಜಾಣ ವಿನ್ಯಾಸ ಕೊಟ್ಟರು: ಎರಡು ಗುಣ, ಎರಡು ವಿಧಾನ. ನಮ್ಮಲ್ಲಿ ಹೀಗೆ ಮಾಡಬಹುದು. ಓದನ್ನು ಒಮ್ಮೆ ಗಟ್ಟಿಯಾಗಿ ಓದಿಸಿ, ಒಮ್ಮೆ ಬಿಟ್ಟ ಪದ ತುಂಬುವ ಬರವಣಿಗೆಯಲ್ಲಿ ನೋಡಿ. ಗಣಿತವನ್ನೂ ಒಮ್ಮೆ ಬಾಯಿಲೆಕ್ಕ, ಒಮ್ಮೆ ಬರವಣಿಗೆ. ಒಟ್ಟು ನಾಲ್ಕು ಅಂಕ. ಗಟ್ಟಿ ಓದು ಮತ್ತು ಬರವಣಿಗೆಯ ಓದು 0.65 ಹೊಂದಿ, ಗಟ್ಟಿ ಓದು ಮತ್ತು ಬಾಯಿಲೆಕ್ಕ 0.40 ಹೊಂದಿದರೆ ನೆಮ್ಮದಿ. ಗಟ್ಟಿ ಓದು ಬಾಯಿಲೆಕ್ಕದ ಜೊತೆಗೇ 0.70 ಹೊಂದಿದರೆ, ನೀವು ಅಳೆಯುತ್ತಿರುವುದರಲ್ಲಿ ದೊಡ್ಡ ಪಾಲು ‘ಹೊಸಬರ ಎದುರು ಬಾಯಿ ಬಿಡುವುದು’ ಇರಬಹುದು. ಯಾವ ಜೋಡಿ ಎಷ್ಟು ಹೊಂದಬೇಕೆಂಬ ನಿರೀಕ್ಷೆಯನ್ನು ದತ್ತಾಂಶ ನೋಡುವ ಮೊದಲೇ ದಿನಾಂಕ ಹಾಕಿ ಬರೆದಿಡಿ. ನಂತರ ಬರೆದರೆ ಯಾವ ಸಂಖ್ಯೆಗೂ ಒಂದು ವಿವರಣೆ ಹುಟ್ಟಿಕೊಳ್ಳುತ್ತದೆ.

ಇಲ್ಲಿ ಪದೇ ಪದೇ ಆಗುವ ತಪ್ಪು ಎಲ್ಲ ತರಗತಿಗಳನ್ನೂ ಒಟ್ಟು ಹಾಕುವುದು. 1ರಿಂದ 5ನೇ ತರಗತಿಯ ಮಕ್ಕಳನ್ನು ಒಂದೇ ಪಟ್ಟಿಯಲ್ಲಿಟ್ಟರೆ ಓದಿಗೂ ಮಗುವಿನ ಎತ್ತರಕ್ಕೂ ಚೆನ್ನಾದ ಸಹಸಂಬಂಧ ಬರುತ್ತದೆ, ಎರಡೂ ವಯಸ್ಸಿನ ಜೊತೆ ಬೆಳೆಯುತ್ತವೆ ಎಂಬ ಕಾರಣಕ್ಕೆ. ‘ಮೇಲಿನ ತರಗತಿಯವರು ಹೆಚ್ಚು ಅಂಕ ಪಡೆದರು, ಆದ್ದರಿಂದ ಪರೀಕ್ಷೆ ಸರಿ’ ಎಂಬ ವಾದವೂ ಇಷ್ಟೇ ದುರ್ಬಲ. ಪ್ರತಿ ತರಗತಿಯೊಳಗೆ ಬೇರೆ ಬೇರೆಯಾಗಿ ಲೆಕ್ಕ ಹಾಕಿ. ಮಕ್ಕಳ ಸಂಖ್ಯೆಯೂ ಬೇಕು: 30 ಮಕ್ಕಳಿಂದ 0.50 ಬಂದರೆ ಅದರ ಶೇ. 95 ವಿಶ್ವಾಸ ವ್ಯಾಪ್ತಿ (ನಿಜವಾದ ಸಂಖ್ಯೆ ಇರಬಹುದಾದ ಅಂತರ) 0.17ರಿಂದ 0.73ರವರೆಗೆ ಚಾಚಿರುತ್ತದೆ, 100 ಮಕ್ಕಳಾದರೆ 0.34ರಿಂದ 0.63. ಶಿಕ್ಷಕರ ಅಭಿಪ್ರಾಯವನ್ನು ಹೋಲಿಕೆಗೆ ಬಳಸುವುದಾದರೆ, ಅವರು ಮಕ್ಕಳ ಅಂಕ ನೋಡುವ ಮೊದಲೇ ಪಡೆಯಿರಿ.

ಪ್ರಶ್ನೆವಾರು ಪರಿಶೀಲನೆ ಚುಟುಕಾಗಿ: ಎಲ್ಲರೂ ಸರಿ ಮಾಡಿದ, ಯಾರೂ ಮಾಡದ ಪ್ರಶ್ನೆಗಳಿಂದ ಮಾಹಿತಿ ಸಿಗದು. ಉಳಿದ ಪ್ರಶ್ನೆಗಳ ಒಟ್ಟು ಅಂಕದ ಜೊತೆ 0.20ಕ್ಕಿಂತ ಕಡಿಮೆ ಹೊಂದುವ ಪ್ರಶ್ನೆಯನ್ನು ಎತ್ತಿ ನೋಡಿ. ಬಹುಪಾಲು ಸಲ ಭಾಷೆ ತೊಡಕಾಗಿರುತ್ತದೆ ಅಥವಾ ಉತ್ತರಪಟ್ಟಿ ತಪ್ಪಿರುತ್ತದೆ. ಮನೆಮಾತು ಬೇರೆಯಿರುವ ಮಕ್ಕಳಿಗಾಗಿ, ಒಟ್ಟು ಅಂಕ ಸಮನಾಗಿರುವ ಎರಡು ಗುಂಪುಗಳನ್ನು ಪ್ರಶ್ನೆ ಪ್ರಶ್ನೆಗೂ ಹೋಲಿಸಿ. ಒಟ್ಟಿನಲ್ಲಿ ಸಮನಾಗಿದ್ದೂ ಒಂದು ಪ್ರಶ್ನೆಯಲ್ಲಿ ಮಾತ್ರ ಒಂದು ಗುಂಪು ಎಡವಿದರೆ ಆ ಪ್ರಶ್ನೆಯಲ್ಲಿ ಓದಿನ ಹೊರಗಿನದ್ದೇನೋ ಇದೆ.

ಗಡಿ ಅಂಕ ಇಡುವಾಗ

‘ಇದಕ್ಕಿಂತ ಕಡಿಮೆ ಬಂದವರಿಗೆ ಪೂರಕ ಬೋಧನೆ’ ಎಂದು ಗಡಿ ಹಾಕುವುದಾದರೆ ಇನ್ನೊಂದು ಲೆಕ್ಕ ಬೇಕು. 200 ಮಕ್ಕಳನ್ನು ವಿವರವಾದ, ನಿಧಾನದ ಪರೀಕ್ಷೆಯಲ್ಲಿ ನೋಡಿದಾಗ 60 ಮಕ್ಕಳಿಗೆ ಓದಲು ಬಾರದು ಎಂದುಕೊಳ್ಳಿ. ನಿಮ್ಮ ಚಿಕ್ಕ ಪರೀಕ್ಷೆ ಅವರಲ್ಲಿ 48 ಮಕ್ಕಳನ್ನು ಹಿಡಿಯಿತು; ಓದಬಲ್ಲ 140ರಲ್ಲಿ 21 ಮಕ್ಕಳನ್ನು ತಪ್ಪಾಗಿ ಹಿಡಿಯಿತು. ಹಿಡಿದ 69ರಲ್ಲಿ 48 ನಿಜ, ಅಂದರೆ ಹತ್ತಕ್ಕೆ ಏಳು. ಇದೇ ಪರೀಕ್ಷೆಯನ್ನು ಓದಲಾರದವರು ಶೇ. 10 ಮಾತ್ರ ಇರುವ ಶಾಲೆಗಳಿಗೆ ಒಯ್ಯಿರಿ: 200ರಲ್ಲಿ 20. ಅವರಲ್ಲಿ 16 ಸಿಗುತ್ತಾರೆ, ಓದಬಲ್ಲ 180ರಲ್ಲಿ 27 ತಪ್ಪಾಗಿ ಸಿಗುತ್ತಾರೆ. ಹಿಡಿದ 43ರಲ್ಲಿ 16 ಮಾತ್ರ ನಿಜ. ಹಾಳೆ ಅದೇ, ಗಡಿ ಅದೇ. ‘ಈ ಮಗುವಿಗೆ ಓದಲು ಬಾರದು’ ಎಂಬ ಮಾತು ಮಾತ್ರ ಹತ್ತಕ್ಕೆ ಆರು ಸಲ ಸುಳ್ಳು. ಮಗುವಿನ ಹೆಸರಿನ ಮುಂದೆ ಆ ಮಾತು ಬರೆಯುವ ಮೊದಲು ಎರಡನೇ ಬಾರಿ, ಬೇರೆ ಹಾಳೆಯಲ್ಲಿ, ಬೇರೆ ದಿನ ಓದಿಸಿ ನೋಡಿ.

ವರದಿಯಲ್ಲಿ ಏನು ಬರೆಯಬೇಕು, ಮತ್ತೆ ಯಾವಾಗ ಪರಿಶೀಲಿಸಬೇಕು

ಮೊದಲ ದಿನ ಬರೆದ ವಾಕ್ಯವನ್ನು ವರದಿಯಲ್ಲಿ ಹಾಗೆಯೇ ಹಾಕಿ. ಅದರ ಕೆಳಗೆ ನೀವು ಸಂಶಯಿಸಿದ ಕಾರಣಗಳು, ಪ್ರತಿಯೊಂದಕ್ಕೂ ಏನು ಮಾಡಿ ನೋಡಿದಿರಿ, ಎಷ್ಟು ಮಕ್ಕಳ ಮೇಲೆ, ಏನು ಬಂತು. ತಳ್ಳಿಹಾಕಲಾಗದ ಕಾರಣ ಉಳಿದಿದ್ದರೆ ಅದನ್ನೂ ಹೇಳಿ, ವಾಕ್ಯವನ್ನು ಅಷ್ಟಕ್ಕೆ ಕಿರಿದು ಮಾಡಿ: ‘ಓದುವ ಸಾಮರ್ಥ್ಯ’ದ ಬದಲು ‘ಗಟ್ಟಿಯಾಗಿ ಓದುವಾಗಿನ ಅಕ್ಷರ ನಿಖರತೆ, ಮನೆಮಾತು ಕನ್ನಡವಾಗಿರುವ ಮಕ್ಕಳಲ್ಲಿ’. ಬೇರೆ ಅಧ್ಯಯನದಲ್ಲಿ ಯಾರೋ ಪರಿಶೀಲಿಸಿದ್ದಾರೆ ಎಂಬುದು ನಿಮ್ಮ ಜಿಲ್ಲೆಯ, ನಿಮ್ಮ ತರಗತಿಯ, ನಿಮ್ಮ ಪರೀಕ್ಷಕರ ಲೆಕ್ಕಕ್ಕೆ ಬಾರದು. ಹಾಳೆಯ ಫಾಂಟ್ ಗಾತ್ರ ಬದಲಾದರೂ, ಕಾಗದದಿಂದ ಟ್ಯಾಬ್‌ಗೆ ಹೋದರೂ ಮಗುವಿನ ಪಕ್ಕ ಕೂರುವ ಹಂತವನ್ನು ಮತ್ತೆ ಮಾಡಿ.

ಅಂಕಕ್ಕೆ ಬೆಲೆ ಬಂದಷ್ಟೂ ಹಾಳೆ ಬೇಗ ಸವೆಯುತ್ತದೆ. ಗುರಿ ನಿಮಿಷಕ್ಕೆ ಇಷ್ಟು ಎಂದಾದ ಕಡೆ ಮಕ್ಕಳು ಅರ್ಥ ಬಿಟ್ಟು ಓಡುವುದನ್ನು ಕಲಿಯುತ್ತಾರೆ, ಗದ್ಯ ಶಾಲೆಯಿಂದ ಶಾಲೆಗೆ ಫೋನಿನಲ್ಲಿ ಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ 30 ಮಕ್ಕಳಿಗೆ ಹಳೆಯ ಗದ್ಯವನ್ನೂ, ಅದೇ ನೀಲನಕ್ಷೆಯ ಮೇಲೆ ಬರೆದ ಹೊಸ ಗದ್ಯವನ್ನೂ ಒಂದೇ ದಿನ ಓದಿಸಿ. 15 ಮಕ್ಕಳಿಗೆ ಹಳೆಯದು ಮೊದಲು, 15 ಮಕ್ಕಳಿಗೆ ಹೊಸದು ಮೊದಲು. ಮೊದಲ ವರ್ಷ ಎರಡೂ ಸರಿಸಮ ಬಂದಿದ್ದು, ಈಗ ಹಳೆಯದರಲ್ಲಿ ಮಾತ್ರ ನಿಮಿಷಕ್ಕೆ ಹತ್ತು ಹದಿನೈದು ಅಕ್ಷರ ಹೆಚ್ಚು ಬಂದು, ಅರ್ಥದ ಪ್ರಶ್ನೆಗಳ ಅಂಕ ಏರದೆ ಇದ್ದರೆ, ಹಳೆಯ ಹಾಳೆಯನ್ನು ಆ ದಿನವೇ ಬಳಕೆಯಿಂದ ತೆಗೆಯಿರಿ.